ಮೇಜಿನ ಮೈಕು: ಯಾವುದನ್ನು ಆರಿಸುವುದು, ಎಲ್ಲಿ ಇಡುವುದು

ಮನೆಯಲ್ಲಿ ದನಿ ರೆಕಾರ್ಡ್ ಮಾಡಲು ಮೈಕು ಹುಡುಕುವವರು ಮೊದಲು ಕೇಳುವುದು "ಕಂಡೆನ್ಸರ್ ತಗೊಳ್ಳಲಾ, ಡೈನಾಮಿಕ್ ತಗೊಳ್ಳಲಾ?" ಅಂತ. ಆಮೇಲೆ "ಯುಎಸ್‌ಬಿ ಸಾಕಾ, ಎಕ್ಸ್‌ಎಲ್‌ಆರ್ ಬೇಕಾ?" ಅಂತ, ಅಂದರೆ ಕಂಪ್ಯೂಟರಿಗೆ ನೇರ ಚುಚ್ಚುವುದಾ, ಮೂರು ಪಿನ್ನಿನ ಸ್ಟುಡಿಯೋ ತಂತಿಯದಾ ಅಂತ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಮುಂಚೆ ಇನ್ನೊಂದಿದೆ. ಮಾತಾಡುವಾಗ ನಿಮ್ಮ ಬಾಯಿಗೂ ಮೈಕಿಗೂ ನಡುವೆ ಎಷ್ಟು ದೂರ ಇರುತ್ತದೆ? ಒಂದು ಗೇಣೋ, ಒಂದು ಮೊಳವೋ? ಮೈಕಿನ ಬಗೆ, ತಂತಿ, ಸ್ಟ್ಯಾಂಡು, ಫೋಮು ಎಲ್ಲವನ್ನೂ ಇಲ್ಲಿ ಹೋಲಿಸುತ್ತೇನೆ. ಅಳತೆಗೋಲು ಮಾತ್ರ ಬಹುಮಟ್ಟಿಗೆ ಈ ದೂರವೇ.

ದೂರದ ಲೆಕ್ಕ

ಬಾಯಿಂದ ಹೊರಟ ಸದ್ದು ಮುಂದೆ ಹೋದಷ್ಟೂ ಹರಡಿ ಸಣ್ಣದಾಗುತ್ತದೆ. ದೂರ ಎರಡರಷ್ಟಾದರೆ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಗೋಡೆ, ಚಾವಣಿ, ನೆಲಕ್ಕೆ ಬಡಿದು ವಾಪಸ್ ಬರುವ ಸದ್ದು ಹಾಗಲ್ಲ. ಅದು ಕೋಣೆಯ ತುಂಬ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಎಲ್ಲೋ ತಿರುಗುತ್ತಿರುವ ಫ್ಯಾನಿನ ಸದ್ದೂ ಅಷ್ಟೆ.

ಈಗ ಲೆಕ್ಕ ಹಾಕಿ. 40 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 10 ಸೆಂಟಿಮೀಟರಿಗೆ ಎಳೆದುಕೊಂಡರೆ ನಿಮ್ಮ ದನಿ 12 ಡೆಸಿಬೆಲ್ ಏರುತ್ತದೆ. ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ದನಿ ಜೋರಾಯಿತೆಂದು ನೀವು ಗೇನ್, ಅಂದರೆ ಮೈಕಿನ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ, ತಗ್ಗಿಸುತ್ತೀರಿ, ಆಗ ಕೋಣೆಯೂ ಅದರ ಜೊತೆ 12 ಡೆಸಿಬೆಲ್ ಕೆಳಗಿಳಿಯುತ್ತದೆ. ಕಾಸು ಖರ್ಚಿಲ್ಲ. ಮೈಕು ಬದಲಾಯಿಸಿ ಇಷ್ಟು ವ್ಯತ್ಯಾಸ ಗಳಿಸುವುದು ಕಷ್ಟ. "ಬಾತ್‌ರೂಮಿನಲ್ಲಿ ಕೂತು ಮಾತಾಡಿದ ಹಾಗಿದೆ" ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಮೈಕಿನ ಹೆಸರಲ್ಲ, ಅದು ಎಲ್ಲಿತ್ತು ಅಂತ.

ಹಾಗಂತ ತುಟಿಗೆ ಅಂಟಿಸಿಕೊಳ್ಳುವುದೂ ಬೇಡ. ಒಂದು ದಿಕ್ಕಿನ ಸದ್ದನ್ನು ಹೆಚ್ಚು ಹಿಡಿಯುವ ಮೈಕುಗಳಿಗೆ ತೀರಾ ಹತ್ತಿರ ಹೋದರೆ ತಗ್ಗು ಸ್ವರಗಳು ಉಬ್ಬುತ್ತವೆ. ರೇಡಿಯೋ ದನಿ ಅಂತ ಕೆಲವರಿಗೆ ಅದು ಇಷ್ಟ. ಮಿತಿ ಮೀರಿದರೆ ಮಾತು ಮಬ್ಬಾಗುತ್ತದೆ. ಇನ್ನೊಂದು ತೊಂದರೆ ತಲೆ ಅಲ್ಲಾಡುವುದು. 5 ಸೆಂಟಿಮೀಟರ್ ದೂರದಲ್ಲಿದ್ದಾಗ ತಲೆ ಇನ್ನೊಂದು 5 ಸೆಂಟಿಮೀಟರ್ ಹಿಂದೆ ಸರಿದರೆ ದನಿ 6 ಡೆಸಿಬೆಲ್ ಬೀಳುತ್ತದೆ. 20 ಸೆಂಟಿಮೀಟರ್ ದೂರದಲ್ಲಿದ್ದಾಗ ಅಷ್ಟೇ ಸರಿದರೆ ಬೀಳುವುದು ಸುಮಾರು 2 ಡೆಸಿಬೆಲ್ ಮಾತ್ರ. ಹಾಗಾಗಿ ಮಾತಿಗೆ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗಿನ ಜಾಗ ಸರಿ. ಕೋಣೆ ಗದ್ದಲದ್ದಾದರೆ ನಾಲ್ಕು ಬೆರಳಿನ ಕಡೆಗೆ, ಶಾಂತವಾಗಿದ್ದರೆ ಗೇಣಿನ ಕಡೆಗೆ.

ಕಂಡೆನ್ಸರ್, ಡೈನಾಮಿಕ್

ಡೈನಾಮಿಕ್ ಮೈಕಿನಲ್ಲಿ ತೆಳು ಪರದೆಗೆ ಒಂದು ತಂತಿ ಸುರುಳಿ ಅಂಟಿರುತ್ತದೆ. ಅದು ಅಯಸ್ಕಾಂತದ ನಡುವೆ ಅಲುಗಾಡಿ ತಾನೇ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಹೊರಗಿನ ಕರೆಂಟು ಬೇಡ. ಆದರೆ ಸುರುಳಿಯ ಭಾರ ಇರುವುದರಿಂದ ತೀರಾ ಸೂಕ್ಷ್ಮ, ಎತ್ತರದ ಸದ್ದುಗಳು ಸ್ವಲ್ಪ ಮಂಕಾಗುತ್ತವೆ. ಕಂಡೆನ್ಸರ್‌ನಲ್ಲಿ ಸುರುಳಿ ಇಲ್ಲ. ಹಗುರ ಪರದೆಯೊಂದು ಲೋಹದ ತಟ್ಟೆಯ ಎದುರು ಕಂಪಿಸುತ್ತದೆ. ಸಣ್ಣ ಉಸಿರನ್ನೂ ಅದು ಹಿಡಿಯುತ್ತದೆ, ಆದರೆ ಕರೆಂಟು ಬೇಕೇ ಬೇಕು. ಸ್ಟುಡಿಯೋ ಬಗೆಯದಕ್ಕೆ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಬರುವ ಕರೆಂಟು. ಯುಎಸ್‌ಬಿ ಬಗೆಯದು ಕಂಪ್ಯೂಟರಿನಿಂದಲೇ ಎಳೆದುಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ 1962ರಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ವಿದ್ಯುದಂಶವನ್ನು ಕಾಯಂ ಆಗಿ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಪರದೆಯ ಮೈಕು ಮಾಡಿದ ಮೇಲೆ ಕಂಡೆನ್ಸರ್ ಅಗ್ಗವಾಯಿತು, ಚಿಕ್ಕದಾಯಿತು. ಇವತ್ತಿನ ಅಗ್ಗದ ಮೇಜಿನ ಮೈಕುಗಳಲ್ಲಿ ಹೆಚ್ಚಿನವು ಇದೇ ಕುಲದವು.

ಈಗ ಎಲ್ಲರೂ ಹೇಳುವ ಮಾತಿಗೆ ಬರೋಣ. "ಕಂಡೆನ್ಸರ್ ಮನೆಯ ಗಲಾಟೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ನಿಮ್ಮ ದನಿಯನ್ನಷ್ಟೇ ಹಿಡಿಯುತ್ತದೆ." ಇದು ಅರ್ಧ ಸತ್ಯ. ಕಂಡೆನ್ಸರ್ ಹೆಚ್ಚು ಸೂಕ್ಷ್ಮ ಅಂದರೆ ಅದು ಫ್ಯಾನನ್ನು ಜೋರಾಗಿ ಕೊಡುತ್ತದೆ ನಿಜ, ನಿಮ್ಮ ದನಿಯನ್ನೂ ಅಷ್ಟೇ ಜೋರಾಗಿ ಕೊಡುತ್ತದೆ. ಒಂದೇ ಬಗೆಯ ದಿಕ್ಕು ಹಿಡಿಯುವ ಎರಡು ಮೈಕುಗಳನ್ನು ಒಂದೇ ದೂರದಲ್ಲಿಟ್ಟು, ದನಿಯ ಮಟ್ಟ ಸರಿಸಮ ಮಾಡಿ ಕೇಳಿದರೆ ಕೋಣೆಯ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾವ ಮೈಕಿಗೂ ಇದು ಯಜಮಾನರ ದನಿ, ಇದು ಬೀದಿಯ ಸದ್ದು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾದರೆ ಡೈನಾಮಿಕ್‌ನಲ್ಲಿ ಗಲಾಟೆ ಕಡಿಮೆ ಅನ್ನಿಸುವುದೇಕೆ? ಅದರಿಂದ ಬರುವ ಸಿಗ್ನಲ್ ಸಣ್ಣದು. ಹತ್ತಿರ ಹೋಗದೆ ಬೇರೆ ದಾರಿಯೇ ಇಲ್ಲ. ಹೋದಾಗ ಕೋಣೆ ಹಿಂದೆ ಸರಿಯುತ್ತದೆ. ಎತ್ತರದ ಸ್ವರಗಳನ್ನು ಅದು ಸ್ವಲ್ಪ ತಗ್ಗಿಸುವುದರಿಂದ ಪಾತ್ರೆಯ ಟಣ್‌ಟಣ್, ಕೀಬೋರ್ಡಿನ ಟಕಟಕ ಕೂಡ ಮೆತ್ತಗಾಗುತ್ತವೆ. ಕಂಡೆನ್ಸರ್‌ನ ಕಥೆ ಉಲ್ಟಾ. ಮೊಳ ದೂರದಲ್ಲಿಟ್ಟರೂ ದನಿ ಕೇಳುತ್ತದೆ, ಹಾಗಾಗಿ ಜನ ಅದನ್ನು ಮಾನಿಟರ್ ಪಕ್ಕದಲ್ಲೇ ಇಟ್ಟು ಮರೆತುಬಿಡುತ್ತಾರೆ. ಕೆಟ್ಟ ಹೆಸರು ಬಂದದ್ದು ಮೈಕಿಗೆ, ತಪ್ಪು ಜಾಗದ್ದು.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಮುಖದ ಮುಂದೆ ಮೈಕು ಇದ್ದರೆ ಪರವಾಗಿಲ್ಲ, ಕೋಣೆ ಬರಿಗೋಡೆಯದು, ಹೊರಗೆ ಸದ್ದು ಜಾಸ್ತಿ ಅಂದರೆ ಡೈನಾಮಿಕ್ ತೆಗೆದುಕೊಳ್ಳಿ. ಅದು ನಿಮ್ಮನ್ನು ಶಿಸ್ತಿನಲ್ಲಿ ಇಡುತ್ತದೆ. ಕೋಣೆ ಶಾಂತವಾಗಿದೆ, ಬಟ್ಟೆ ಪುಸ್ತಕ ತುಂಬಿದೆ, ನಿಮ್ಮ ದನಿ ಮೆಲು, ಕಥೆ ಓದುತ್ತೀರಿ ಅಥವಾ ವಿಡಿಯೋದಲ್ಲಿ ಮೈಕು ಮುಖಕ್ಕೆ ಅಡ್ಡ ಬರಬಾರದು ಅಂದರೆ ಕಂಡೆನ್ಸರ್.

ಕಂಡೆನ್ಸರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸೆಲ್ಫ್ ನಾಯ್ಸ್ ಎಂಬ ಅಂಕಿ ನೋಡಿ. ಪೂರಾ ನಿಶ್ಶಬ್ದದಲ್ಲೂ ಮೈಕು ತಾನಾಗಿ ಹುಟ್ಟಿಸುವ ಸುಯ್‌ ಸದ್ದು ಅದು. ರೋಡ್ ಎನ್‌ಟಿ1-ಎ ಮೈಕಿಗೆ ಅದು 5 ಡೆಸಿಬೆಲ್, ಆಡಿಯೊ ಟೆಕ್ನಿಕಾ ಎಟಿ2020ಕ್ಕೆ 20. ಹತ್ತಿರ ಕೂತು ಗಟ್ಟಿಯಾಗಿ ಮಾತಾಡುವವರಿಗೆ 20 ಕೂಡ ತೊಂದರೆ ಕೊಡುವುದಿಲ್ಲ. ಮೆಲ್ಲಗೆ ಓದುವವರಿಗೆ, ದೂರ ಕೂರುವವರಿಗೆ ಮಾತ್ರ ಈ ಅಂತರ ಕಿವಿಗೆ ಬೀಳುತ್ತದೆ.

ಡೈನಾಮಿಕ್ ಕೊಳ್ಳುವಾಗ ನೋಡಬೇಕಾದ್ದು ಗೇನ್. ಪಾಡ್‌ಕಾಸ್ಟ್ ವಿಡಿಯೋಗಳಲ್ಲೆಲ್ಲ ಕಾಣುವ ಶೂರ್ ಎಸ್‌ಎಂ7ಬಿ ಎಷ್ಟು ಸಣ್ಣ ಸಿಗ್ನಲ್ ಕೊಡುತ್ತದೆಂದರೆ ಕಂಪನಿಯೇ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು ಅನ್ನುತ್ತದೆ. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿಗೆ ಇಂಟರ್‌ಫೇಸು ಅನ್ನುತ್ತಾರೆ. ಅಗ್ಗದ ಇಂಟರ್‌ಫೇಸುಗಳು ಅಲ್ಲಿಯವರೆಗೆ ಏರುವುದರೊಳಗೆ ತಾವೇ ಸುಯ್‌ಗುಡಲು ಶುರು ಮಾಡುತ್ತವೆ. ಆಮೇಲೆ ನಡುವೆ ಒಂದು ಬೂಸ್ಟರ್ ಡಬ್ಬಿ ಕೊಳ್ಳಬೇಕು. ಒಳ್ಳೆಯ ಮೈಕು, ಸಂಶಯವಿಲ್ಲ. ಆದರೆ ಮನೆಯಲ್ಲಿ ಈಗ ತಾನೇ ಶುರು ಮಾಡುವವರು ಅದನ್ನು ಕೊಳ್ಳುವುದು ಬಹಳ ಸಲ ಚಂದ ಕಾಣುತ್ತದೆ ಅಂತಲೇ ಅನ್ನುವುದು ನನ್ನ ಅನುಮಾನ. 1966ರಿಂದ ವೇದಿಕೆಗಳಲ್ಲಿ ದುಡಿಯುತ್ತಿರುವ ಎಸ್‌ಎಂ58 ಕೂಡ ಮಾತಿಗೆ ಚೆನ್ನಾಗಿಯೇ ಇರುತ್ತದೆ. ಅದರ ಸಿಗ್ನಲ್ ನಾಲ್ಕೈದು ಡೆಸಿಬೆಲ್ ಹೆಚ್ಚು. ನಾನಾಗಿದ್ದರೆ ಉಳಿದ ಹಣದಲ್ಲಿ ಒಂದು ಗಟ್ಟಿ ತೋಳಿನ ಸ್ಟ್ಯಾಂಡು ಕೊಳ್ಳುತ್ತೇನೆ.

ಯಾವ ಕಡೆಗೆ ಕಿವಿ?

ಎರಡೂ ಬಗೆಯಲ್ಲಿ ಮಾತಿಗೆ ಬೇಕಾದ್ದು ಕಾರ್ಡಿಯಾಯ್ಡ್. ಎದುರಿನ ಸದ್ದು ಪೂರ್ತಿ, ಪಕ್ಕದ್ದು ಸ್ವಲ್ಪ ಕಡಿಮೆ, ಬೆನ್ನಿನ ಕಡೆಯದು ಬಹುಪಾಲು ಇಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಫ್ಯಾನು, ಕಿಟಕಿ ಇಂಥವು ಮೈಕಿನ ಬೆನ್ನಿಗೆ ಬರುವಂತೆ ಕೂರಬೇಕು. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಕಿರಿದು, ಆದರೆ ಅದರ ಕಿವುಡು ಜಾಗ ನೇರ ಬೆನ್ನಲ್ಲಿಲ್ಲ. ಎದುರಿನಿಂದ ಸುಮಾರು 126 ಡಿಗ್ರಿ ಓರೆಯಲ್ಲಿ, ಎರಡೂ ಬದಿಗೆ ಇದೆ. ಕಾರ್ಡಿಯಾಯ್ಡ್ ಅಂದುಕೊಂಡು ಫ್ಯಾನನ್ನು ನೇರ ಹಿಂದೆ ಇಟ್ಟರೆ ಅದು ಕೇಳಿಸುತ್ತದೆ.

ಬ್ಲೂ ಯೆಟಿಯಂಥ ಮೈಕಿನಲ್ಲಿ ನಾಲ್ಕು ಬಗೆ ಬದಲಾಯಿಸುವ ಗುಂಡಿ ಇರುತ್ತದೆ. ಒಬ್ಬರೇ ಮಾತಾಡುವಾಗ ಅದು ಕಾರ್ಡಿಯಾಯ್ಡ್‌ನಲ್ಲಿದೆಯೇ ನೋಡಿಕೊಳ್ಳಿ. ಸುತ್ತಲೂ ಹಿಡಿಯುವ ಬಗೆಗೆ ತಿರುಗಿದ್ದರೆ ಇಡೀ ಕೋಣೆ ಒಳಗೆ ಬಂದು ಕೂರುತ್ತದೆ. ಇಂಥ ಮೈಕುಗಳಿಗೆ ಮುಖ ಇರುವುದು ಪಕ್ಕದಲ್ಲಿ, ಹೆಸರು ಬರೆದಿರುವ ಕಡೆ. ತಲೆಯ ತುದಿಗೆ ಮಾತಾಡುವವರನ್ನು ವಿಡಿಯೋಗಳಲ್ಲಿ ಈಗಲೂ ನೋಡಬಹುದು.

ಯುಎಸ್‌ಬಿಯೋ, ಎಕ್ಸ್‌ಎಲ್‌ಆರೋ?

ಒಬ್ಬರೇ ರೆಕಾರ್ಡ್ ಮಾಡುವುದಾದರೆ ಯುಎಸ್‌ಬಿ ಸಾಕು. ಮೈಕು, ಗೇನ್ ಹೆಚ್ಚಿಸುವ ಭಾಗ, ಡಿಜಿಟಲ್‌ಗೆ ಬದಲಾಯಿಸುವ ಭಾಗ ಎಲ್ಲ ಒಂದೇ ಡಬ್ಬಿಯಲ್ಲಿ ಇರುತ್ತವೆ. ಚುಚ್ಚಿದರೆ ಮುಗಿಯಿತು. ಮೈಕಿನಲ್ಲೇ ಹೆಡ್‌ಫೋನ್ ತೂತು ಇರುವಂಥದ್ದನ್ನು ಆರಿಸಿ. ನಿಮ್ಮ ದನಿ ತಡವಿಲ್ಲದೆ ನಿಮಗೇ ಕೇಳಿಸಿದರೆ ದೂರ ಎಷ್ಟಿದೆ, ಎಲ್ಲಿ ತಲೆ ತಿರುಗಿತು ಅನ್ನುವುದು ಆಗಲೇ ಗೊತ್ತಾಗುತ್ತದೆ.

ಎಕ್ಸ್‌ಎಲ್‌ಆರ್‌ಗೆ ಇಂಟರ್‌ಫೇಸು, ಕೇಬಲ್ಲು ಎಲ್ಲ ಬೇರೆ ಬೇರೆ ಬೇಕು. ಅದರ ತಂತಿ ದಾರಿಯಲ್ಲಿ ಸೇರುವ ವಿದ್ಯುತ್ ಗೊಜಗೊಜವನ್ನು ಹೊಡೆದುಹಾಕುತ್ತದೆ ಎಂಬ ಮಾತು ನಿಜ. ಆದರೆ ಮೇಜಿನ ಮೇಲಿನ ಎರಡು ಮೀಟರ್ ಕೇಬಲ್ಲಿಗೆ ಅದು ದೊಡ್ಡ ವಿಷಯವಲ್ಲ. ಎಕ್ಸ್‌ಎಲ್‌ಆರ್‌ನ ನಿಜವಾದ ಲಾಭ ಇಬ್ಬರು ಮಾತಾಡುವಾಗ ಸಿಗುತ್ತದೆ. ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕು ಹಾಕಿದರೆ ಎರಡರ ಒಳಗಡಿಯಾರಗಳೂ ಬೇರೆ ಬೇರೆ. ಉದ್ದದ ಸಂಭಾಷಣೆಯಲ್ಲಿ ಎರಡು ದನಿಗಳು ನಿಧಾನಕ್ಕೆ ಹೊಂದಿಕೆ ತಪ್ಪುತ್ತವೆ. ಎರಡು ತೂತಿನ ಇಂಟರ್‌ಫೇಸಿನಲ್ಲಿ ಈ ಗೋಳಿಲ್ಲ.

ತೀರ್ಮಾನಿಸಲಾಗದಿದ್ದರೆ ಎರಡೂ ತೂತಿರುವ ಡೈನಾಮಿಕ್ ಮೈಕುಗಳಿವೆ: ಸ್ಯಾಮ್ಸನ್ ಕ್ಯೂ2ಯು, ಆಡಿಯೊ ಟೆಕ್ನಿಕಾ ಎಟಿಆರ್2100ಎಕ್ಸ್, ಸ್ವಲ್ಪ ಮೇಲಿನ ದರ್ಜೆಗೆ ಶೂರ್ ಎಂವಿ7. ಇವತ್ತು ಯುಎಸ್‌ಬಿಯಲ್ಲಿ ಶುರು ಮಾಡಿ, ಮುಂದೆ ಇಂಟರ್‌ಫೇಸು ಕೊಂಡಾಗ ಅದೇ ಮೈಕನ್ನು ಇಟ್ಟುಕೊಳ್ಳಬಹುದು. ನನ್ನ ಮತ ಇವಕ್ಕೇ.

ಇಯರ್‌ಫೋನ್ ಪಿನ್ನಿನ ಮೈಕುಗಳ ಬಗ್ಗೆ ಒಂದೇ ಮಾತು. ಕಂಪ್ಯೂಟರಿನ ಆ ತೂತು ಕೊಡುವುದು ಕೆಲವೇ ವೋಲ್ಟು. 48 ವೋಲ್ಟ್ ಬೇಕಾದ ದೊಡ್ಡ ಕಂಡೆನ್ಸರ್‌ಗೆ ಪಿನ್ ಬದಲಾಯಿಸುವ ತಂತಿ ಸೇರಿಸಿ ಮಾರುವ ಕಿಟ್‌ಗಳನ್ನು ಬಿಟ್ಟುಬಿಡಿ.

24 ಬಿಟ್, 192 ಕಿಲೋಹರ್ಟ್ಸ್ ಎಂಬ ಅಂಕಿಗಳಿಗೂ ಮರುಳಾಗಬೇಡಿ. ಮಾತಿಗೆ 48 ಕಿಲೋಹರ್ಟ್ಸ್ ಧಾರಾಳ. 24 ಬಿಟ್ ಇದ್ದರೆ ಗೇನ್ ಕಡಿಮೆ ಇಟ್ಟು ನಿರಾಳವಾಗಿ ರೆಕಾರ್ಡ್ ಮಾಡಬಹುದು. 16 ಬಿಟ್‌ನಲ್ಲಿ ಕೂಡ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಯಾವ ಮನೆಯ ಕೋಣೆಯೂ ಅಷ್ಟು ನಿಶ್ಶಬ್ದ ಇರುವುದಿಲ್ಲ.

ಮೇಜಿನ ಸ್ಟ್ಯಾಂಡು, ತೋಳಿನ ಸ್ಟ್ಯಾಂಡು, ಹೆಡ್‌ಸೆಟ್ಟು

ಮೈಕಿನ ಜೊತೆ ಬರುವ ಪುಟ್ಟ ಸ್ಟ್ಯಾಂಡು ಮೂರು ರೀತಿ ಕಾಟ ಕೊಡುತ್ತದೆ. ಮೈಕು ಎದೆಯ ಮಟ್ಟದಲ್ಲಿ ದೂರದಲ್ಲೇ ನಿಲ್ಲುತ್ತದೆ. ಟೈಪ್ ಮಾಡಿದ್ದು, ಲೋಟ ಇಟ್ಟದ್ದು ಎಲ್ಲ ಮೇಜಿನ ಮೂಲಕ ದಡ್ ಅಂತ ಒಳಗೆ ಬರುತ್ತದೆ. ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನಿಮ್ಮ ದನಿ ನೇರವಾಗಿ ಒಮ್ಮೆ, ಮೇಜಿಗೆ ಬಡಿದು ಒಂದು ಕ್ಷಣ ತಡವಾಗಿ ಇನ್ನೊಮ್ಮೆ ಮೈಕಿಗೆ ಸೇರುತ್ತದೆ. ಎರಡೂ ಕೂಡಿದಾಗ ಕೆಲವು ಸ್ವರಗಳು ಅಳಿಸಿ, ಕೆಲವು ಉಬ್ಬಿ, ದನಿ ಕೊಳವೆಯೊಳಗಿಂದ ಬಂದ ಹಾಗಾಗುತ್ತದೆ.

ತೋಳಿನ ಸ್ಟ್ಯಾಂಡು ಮೂರನ್ನೂ ತಗ್ಗಿಸುತ್ತದೆ. ಮೈಕು ಬಾಯಿಯ ಹತ್ತಿರ ಬರುತ್ತದೆ, ಬೇಡವಾದಾಗ ಪಕ್ಕಕ್ಕೆ ಹೋಗುತ್ತದೆ. ಆದರೆ ತೀರಾ ಅಗ್ಗದ್ದು ಬೇಡ. ಭಾರದ ಮೈಕು ಹಾಕಿದರೆ ಬಾಗುತ್ತದೆ, ಸ್ಪ್ರಿಂಗು ಕಿರ್‌ಗುಡುತ್ತದೆ. ಕೊಳ್ಳುವ ಮುಂಚೆ ಮೈಕಿನ ತೂಕ ನೋಡಿಕೊಳ್ಳಿ. ಸದ್ಯಕ್ಕೆ ತೋಳು ಬೇಡ ಅನ್ನುವವರು ದಪ್ಪ ಪುಸ್ತಕಗಳನ್ನು ಪೇರಿಸಿ ಮೈಕನ್ನು ಎತ್ತರಿಸಿ, ಕೆಳಗೆ ಮಡಚಿದ ಟವೆಲ್ ಹಾಸಿ. ಮೇಜಿನಿಂದ ಪುಟಿಯುವ ಸದ್ದೂ ತಗ್ಗುತ್ತದೆ, ದಡ್ ಸದ್ದೂ ತಗ್ಗುತ್ತದೆ.

ಹತ್ತಿರ ಕೂರುವುದೇ ಆಗದು, ಓಡಾಡಿಕೊಂಡು ಕಲಿಸುತ್ತೇನೆ, ಆಚೀಚೆ ತಿರುಗುತ್ತೇನೆ ಅನ್ನುವವರಿಗೆ ಮೇಜಿನ ಮೈಕೇ ಸರಿಯಲ್ಲ. ಬಾಯಿಯ ಪಕ್ಕಕ್ಕೆ ಕಡ್ಡಿ ಬರುವ ಒಳ್ಳೆಯ ಹೆಡ್‌ಸೆಟ್ಟು ಅವರಿಗೆ ಲೇಸು. ಅದನ್ನು ಯಾರೂ ಮೆಚ್ಚಿ ಮಾತಾಡುವುದಿಲ್ಲ. ಆದರೂ ಮೊಳ ದೂರದ ದುಬಾರಿ ಮೈಕಿಗಿಂತ ತುಟಿಯ ಪಕ್ಕದ ಸಾಧಾರಣ ಹೆಡ್‌ಸೆಟ್ಟಿನಲ್ಲಿ ಮಾತು ಸ್ಪಷ್ಟ. ದೂರ ಬದಲಾಗುವುದೇ ಇಲ್ಲ ನೋಡಿ.

ಫೋಮೋ, ರಜಾಯಿಯೋ?

ತೆಳು ಫೋಮಿನ ಚೌಕಗಳನ್ನು ಗೋಡೆಗೆ ಅಂಟಿಸಿದರೆ ಸ್ಟುಡಿಯೋ ಆಗುತ್ತದೆ ಎಂಬ ಭ್ರಮೆ ಬಹಳ ಜನರಿಗಿದೆ. ಸುಮಾರು 100 ಹರ್ಟ್ಸ್‌ನ ತಗ್ಗು ದನಿಯ ಒಂದು ಅಲೆ 3.4 ಮೀಟರ್ ಉದ್ದ. ಒಂದಿಂಚಿನ ಫೋಮು ಅದಕ್ಕೆ ಏನೂ ಮಾಡದು. ಎತ್ತರದ ಸ್ವರಗಳನ್ನಷ್ಟೇ ಹೀರಿ, ಕೋಣೆಯನ್ನು ಮಂಕು ಮಾಡಿ, ಗುಂಯ್‌ಗುಡುವುದನ್ನು ಹಾಗೇ ಬಿಡುತ್ತದೆ. ಮನೆಯಲ್ಲೇ ಇರುವ ದಪ್ಪ ರಜಾಯಿ, ಹಾಸಿಗೆ, ಬಟ್ಟೆ ತುಂಬಿದ ತೆರೆದ ಕಪಾಟು ಇದಕ್ಕಿಂತ ಎಷ್ಟೋ ಮೇಲು. ದಪ್ಪ ಇದ್ದಷ್ಟೂ ಒಳ್ಳೆಯದು. ರಜಾಯಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ತೂಗುಹಾಕಿದರೆ ಇನ್ನೂ ಚೆನ್ನ.

ಎಲ್ಲಿ ತೂಗುಹಾಕಬೇಕು ಎಂಬಲ್ಲೂ ಗೊಂದಲವಿದೆ. ಮೈಕಿನ ಹಿಂದೆ ಬಾಗಿದ ಫೋಮು ಗುರಾಣಿ ಇಡುವುದು ರೂಢಿ. ಆದರೆ ಕಾರ್ಡಿಯಾಯ್ಡ್ ಮೈಕು ಆ ಕಡೆ ಹೇಗೂ ಕಿವುಡು. ಅದು ನೋಡುತ್ತಿರುವುದು ನಿಮ್ಮನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಹಾಗಾಗಿ ಇರುವುದು ಒಂದೇ ರಜಾಯಿ ಆದರೆ ಅದು ನಿಮ್ಮ ಬೆನ್ನ ಹಿಂದೆ ಇರಲಿ. ಎರಡನೆಯದು ಸಿಕ್ಕರೆ ಪಕ್ಕದಲ್ಲಿ.

ಇವು ಯಾವುವೂ ಹೊರಗಿನ ಸದ್ದು ತಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಭಾರದ ಗೋಡೆ, ಸಂದಿಲ್ಲದ ಬಾಗಿಲು. ಬಾಡಿಗೆ ಕೋಣೆಯಲ್ಲಿ ಅದೆಲ್ಲ ಆಗದ ಮಾತು. ಹೊತ್ತು ನೋಡಿ ರೆಕಾರ್ಡ್ ಮಾಡುವುದೇ ಅಗ್ಗದ ಉಪಾಯ.

ಪ, ಫ, ಬ, ಭ

ಈ ಅಕ್ಷರಗಳಲ್ಲಿ ಬಾಯಿಂದ ಗಾಳಿ ಚಿಮ್ಮಿ ಮೈಕಿಗೆ ಬಡಿದು ಬುಸ್ ಅನ್ನುತ್ತದೆ. ಭಾರ, ಫಲ ಅಂತ ಅಂಗೈಗೆ ಹೇಳಿ ನೋಡಿ, ಗಾಳಿ ತಾಗುತ್ತದೆ. ತಡೆಯಲು ಮೂರು ದಾರಿ. ಬಟ್ಟೆ ಅಥವಾ ಜಾಲರಿಯ ಪಾಪ್ ಫಿಲ್ಟರು ಮೈಕಿನಿಂದ ಸ್ವಲ್ಪ ದೂರದಲ್ಲಿ ನಿಂತು ಗಾಳಿಯನ್ನು ಒಡೆಯುತ್ತದೆ, ದನಿಯ ಹೊಳಪನ್ನು ಅಷ್ಟಾಗಿ ಕೆಡಿಸುವುದಿಲ್ಲ. ಮೈಕಿಗೆ ತೊಡಿಸುವ ಫೋಮು ಟೊಪ್ಪಿ ಸುಲಭ, ಸ್ವಲ್ಪ ಹೊಳಪು ನುಂಗುತ್ತದೆ. ಮೂರನೆಯದು ಪುಕ್ಕಟೆ: ಮೈಕನ್ನು ಬಾಯಿಯ ನೇರಕ್ಕೆ ಇಡದೆ ತುಟಿಯ ಅಂಚಿಗೆ ಸರಿಸಿ, ಬಾಯಿಯ ಕಡೆಗೇ ತಿರುಗಿಸುವುದು. ಗಾಳಿ ನೇರ ಮುಂದೆ ಹೋಗುತ್ತದೆ, ದನಿ ಎಲ್ಲ ಕಡೆಗೂ ಹರಡುತ್ತದೆ. ಸ, ಶ, ಷ ಚುಚ್ಚುವಂತಿದ್ದರೂ ಇದೇ ಮದ್ದು. ನಾನು ಮೊದಲು ಮೂರನೆಯದನ್ನು ಮಾಡಿ ನೋಡಿ, ಸಾಲದಿದ್ದರೆ ಮಾತ್ರ ಫಿಲ್ಟರು ಹಾಕಿ ಅನ್ನುತ್ತೇನೆ.

ಆಗಲೇ ಶುಚಿ ಮಾಡುವುದೋ, ಆಮೇಲೋ?

ಸದ್ದು ಅಳಿಸುವ ಸಾಫ್ಟ್‌ವೇರನ್ನು ರೆಕಾರ್ಡ್ ಆಗುವಾಗಲೇ ಓಡಿಸಬಹುದು, ಆಮೇಲೂ ಓಡಿಸಬಹುದು. ಕರೆಗಳಿಗೆ, ನೇರ ಪ್ರಸಾರಕ್ಕೆ ಮೊದಲನೆಯದೇ ಗತಿ. ರೆಕಾರ್ಡಿಂಗಿಗೆ ಎರಡನೆಯದು. ಆಗಲೇ ಅಳಿಸಿದ್ದು ವಾಪಸ್ ಬರುವುದಿಲ್ಲ. ಮಾತಿನ ಕೊನೆಯ ಅಕ್ಷರ ಕತ್ತರಿಸಿಹೋದರೆ ಹೋಯಿತು. ಆದ್ದರಿಂದ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ತಾನಾಗಿ ಗೇನ್ ಏರಿಳಿಸುವುದನ್ನೂ ಸದ್ದು ಅಳಿಸುವುದನ್ನೂ ಆಫ್ ಮಾಡಿಬಿಡಿ. ಗೇನ್ ಎಷ್ಟಿರಬೇಕೆಂದರೆ, ನೀವು ಜೋರಾಗಿ ನಕ್ಕಾಗಲೂ ಮೀಟರು ಮೈನಸ್ 6 ಡೆಸಿಬೆಲ್ ದಾಟಬಾರದು (ಸೊನ್ನೆಯೇ ಅದರ ಮೇಲ್ಮಿತಿ). ಸಾಮಾನ್ಯ ಮಾತಿನ ತುದಿ ಮೈನಸ್ 12ರ ಆಸುಪಾಸಿನಲ್ಲಿರಲಿ. ಕೆಂಪು ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಮಾಡಲು ಆಗದು.

ಶುರುವಿನಲ್ಲಿ ಐದು ಸೆಕೆಂಡು ಸುಮ್ನೆ ಕೂತು ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. 2000ದಿಂದ ಉಚಿತವಾಗಿ ಸಿಗುತ್ತಿರುವ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್‌ಗೆ ಆ ತುಣುಕನ್ನೇ ಮಾದರಿಯಾಗಿ ಕೊಡಬೇಕು. 6ರಿಂದ 12 ಡೆಸಿಬೆಲ್ ಇಳಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಎಳೆದರೆ ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈ ಪಾಸ್ ಫಿಲ್ಟರು ಹಾಕಿದರೆ ಮೇಜಿನ ದಡ್ ಸದ್ದು, ವಾಹನಗಳ ಗುಡುಗುಡು ಬಹಳಷ್ಟು ಹೋಗುತ್ತದೆ. ಫ್ಯಾನಿನಂತೆ ಒಂದೇ ಸಮ ಇರುವ ಸದ್ದಿಗೆ ಈ ಉಪಾಯ ನಡೆಯುತ್ತದೆ. ನಾಯಿ ಬೊಗಳಿದ್ದಕ್ಕೆ, ಗೋಡೆಯ ಪ್ರತಿಧ್ವನಿಗೆ ಹೆಚ್ಚೇನೂ ನಡೆಯುವುದಿಲ್ಲ. ಅವಕ್ಕೆ ಮತ್ತೆ ರಜಾಯಿ, ಮತ್ತೆ ದೂರ.

ಕೊಳ್ಳುವ ಮುಂಚೆ ಹೋಲಿಸುವುದು ಹೇಗೆ

ಎರಡು ಮೈಕು ಕೈಗೆ ಸಿಕ್ಕರೆ, ಒಂದು ಗೆಳೆಯರದ್ದೇ ಇರಲಿ, ನಿಮ್ಮದೇ ಕೋಣೆಯಲ್ಲಿ ಹೋಲಿಸಿ. ಬೇರೆಯವರ ವಿಡಿಯೋದಲ್ಲಿ ನೀವು ಕೇಳುವುದು ಅವರ ಕೋಣೆಯನ್ನು. ಒಂದೇ ಪ್ಯಾರಾ ಓದಿ, ಎರಡಕ್ಕೂ ದೂರ ಗೇಣಿನಿಂದಲೇ ಅಳೆಯಿರಿ. ಒಮ್ಮೆ ಫ್ಯಾನು ಹಾಕಿ, ಒಮ್ಮೆ ಆರಿಸಿ. ಆಮೇಲೆ ಎರಡು ಫೈಲುಗಳ ಮಟ್ಟವನ್ನು ಸರಿಸಮ ಮಾಡಿಕೊಂಡು ಹೆಡ್‌ಫೋನಿನಲ್ಲಿ ಕೇಳಿ. ಇದನ್ನು ಬಿಡಬೇಡಿ. ಒಂದು ಸ್ವಲ್ಪ ಜೋರಿದ್ದರೂ ಕಿವಿ ಅದನ್ನೇ ಒಳ್ಳೆಯದು ಅಂದುಬಿಡುತ್ತದೆ. ಸಾಧ್ಯವಾದರೆ ಫೈಲುಗಳ ಹೆಸರು ಮರೆಮಾಡಿ ಇನ್ನೊಬ್ಬರ ಕೈಲಿ ಹಾಕಿಸಿ. ಯಾವುದು ಯಾವ ಮೈಕು ಅಂತ ಗುರುತಿಸಲು ನಿಮಗೆ ಕಷ್ಟವಾದರೆ ಅಗ್ಗದ್ದನ್ನೇ ತೆಗೆದುಕೊಳ್ಳಿ.